ಎಲ್ ಬೋರ್ಡಿನ ಅತ್ತೆಯೂ ಪಕ್ಕದ ಸೀಟಿನ ನಾನೂ

ನಮ್ಮ ಅತ್ತೆಯಷ್ಟು ಕಾನೂನು ಪಾಲಿಸುವ ಮನುಷ್ಯರು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಜಾಲಾಡಿದರೂ ಇನ್ನೊಬ್ಬರು ಸಿಗುವುದಿಲ್ಲ. ಸಿಗದಿರಲಿ ಎಂಬುದೇ ನನ್ನ ಪ್ರಾರ್ಥನೆ. ಒಬ್ಬರನ್ನು ತಾಳಿಕೊಳ್ಳುವುದರಲ್ಲೇ ನನ್ನ ಅರ್ಧ ತಲೆ ಬೆಳ್ಳಗಾಗಿದೆ. ಇನ್ನೊಬ್ಬರು ಹುಟ್ಟಿಬಂದರೆ ಉಳಿದರ್ಧವನ್ನು ನಾನೇ ಬೋಳಿಸಿಕೊಳ್ಳುವುದು ಒಳ್ಳೆಯದು!

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಅರವತ್ತಕ್ಕೆ ಕೂಗಳತೆಯಲ್ಲಿರುವವರು. ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. ಅಜ್ಜನ ಆಸ್ತಿ ಹಿಸ್ಸೆಯಾದಾಗ ಹೊಲ ಅಪ್ಪನಿಗೆ ಬಂತು, ಮನೆ ಚಿಕ್ಕಪ್ಪನಿಗೆ ಹೋಯಿತು, ಸಿಟ್ಟು ಮಾತ್ರ ಪೂರ್ತಿಯಾಗಿ ಅತ್ತೆಯ ಖಾತೆಗೆ ಜಮೆಯಾಯಿತು. ಅದರಲ್ಲೊಂದು ಗುಂಟೆ ನನಗೂ ಬಂದಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸುಳ್ಳು. ನನಗೆ ಬರುವುದು ನ್ಯಾಯವಾದ ಸಿಟ್ಟು. ಈಗ ಬರೆಯುತ್ತಿರುವಾಗಲೂ ಅದೇ ಬರುತ್ತಿದೆ.

ಈ ಅತ್ತೆ ಕಾರು ಓಡಿಸಲು ಕಲಿತದ್ದಕ್ಕೆ ಮೂಲ ಕಾರಣ ಮಾವ. ಮಾವ ಎಂದರೆ ಅತ್ತೆಯ ಗಂಡ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿ ವ್ಯಾಪಾರ. ಅವರ ಡ್ರೈವಿಂಗ್ ಹಳೇ ಕಾಲದ್ದು. ಇಂಡಿಕೇಟರ್ ಬದಲು ಕೈ, ಬ್ರೇಕಿನ ಬದಲು ಹಾರನ್ನು, ಕನ್ನಡಿಯ ಬದಲು ದೇವರು. ಅವರ ಕಾರಿನಲ್ಲಿ ಒಂದು ಕಟ್ಟಳೆ ಇತ್ತು: ಗಾಡಿ ಓಡುವಾಗ ಹಿಂದೆ ಕೂತವರು ಮಾತಾಡಕೂಡದು, ಲಕ್ಷ್ಯ ತಪ್ಪುತ್ತದೆ. ಮಾವ ಮಾತ್ರ ಎಷ್ಟು ಬೇಕಾದರೂ ಮಾತಾಡಬಹುದು! ಹೀಗೆ ಅತ್ತೆ ಮದುವೆಯಾದಾಗಿನಿಂದ ಹಿಂದಿನ ಸೀಟಿನಲ್ಲಿ ತುಟಿ ಹೊಲಿದುಕೊಂಡು ಕೂತಿದ್ದವರು. ಮನೆಯಲ್ಲಿ ಗುಡುಗುವ ಅತ್ತೆ ಕಾರಿನಲ್ಲಿ ಅಷ್ಟು ಕಾಲ ಹೇಗೆ ಸುಮ್ಮನಿದ್ದರು? ನನಗೆ ಈಗಲೂ ಅರ್ಥವಾಗಿಲ್ಲ. ಬಹುಶಃ ಕೂಡಿಡುತ್ತಿದ್ದರು.

ಕಳೆದ ವರ್ಷ ಹಲಸಿನ ಕಾಲದಲ್ಲಿ ಇಬ್ಬರೂ ಕುಬಟೂರಿನ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದರು. ವಾಪಸು ಬರುವಾಗ ಆ ಮನೆಯವರು ಎರಡು ದೊಡ್ಡ ಹಲಸಿನ ಹಣ್ಣು ಕೊಟ್ಟರು. ಹಿಂದಿನ ಸೀಟಿನಲ್ಲಿ ಒಂದು ಕಡೆ ಅತ್ತೆ, ಇನ್ನೊಂದು ಕಡೆ ಹಣ್ಣು. ದಾರಿಯಲ್ಲಿ ಮಾವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಅತ್ತೆ ಮುಖ ತೊಳೆಯಲು ಇಳಿದರು. ಮಾವ ಪೆಟ್ರೋಲ್ ಹಾಕಿಸಿಕೊಂಡು ಹೊರಟೇಬಿಟ್ಟರು!

ಆ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ಕಾರು ಬಂದು ನಿಂತಿತು. ಮಾವ ಇಳಿದು ಹಿಂದಿನ ಬಾಗಿಲು ತೆಗೆದು, "ಇಳಿಯೇ, ಊರು ಬಂತು," ಎಂದರು. ಹಲಸಿನ ಹಣ್ಣು ಇಳಿಯಲಿಲ್ಲ.

"ಅತ್ತೆ ಎಲ್ಲಿ ಮಾವ?"

ಮಾವ ಒಳಗೆ ಬಗ್ಗಿ ನೋಡಿದರು. ಸೀಟಿನ ಕೆಳಗೂ ನೋಡಿದರು. ಅತ್ತೆಯ ಕೈಚೀಲ ಇತ್ತು, ಅದರೊಳಗೆ ಅತ್ತೆಯ ಮೊಬೈಲ್ ಬಡಿದುಕೊಳ್ಳುತ್ತಿತ್ತು. "ಅಲ್ಲೋ, ಬಂಕಿನಿಂದ ಶಿರಾಳಕೊಪ್ಪದವರೆಗೂ ಜೋಳದ ರೇಟಿನ ವಿಷಯ ಮಾತಾಡ್ಕೊಂಡು ಬಂದೆನಲ್ಲ! ಒಂದು ಸಲ ಹ್ಞೂಂ ಅಂದಂಗಿತ್ತು!"

ಹ್ಞೂಂ ಎಂದದ್ದು ಯಾವ ಹಣ್ಣೋ ತಿಳಿಯದು.

ಅತ್ತೆ ಬಸ್ಸಿನಲ್ಲಿ ಬಂದರು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ಗುರುತಿನ ಚೀಟಿ ತೋರಿಸಬೇಕು. ಚೀಟಿ ಕೇಳಿದ ಕಂಡಕ್ಟರನಿಗೆ ಅತ್ತೆ ತಮ್ಮ ಮುಖ ತೋರಿಸಿದರಂತೆ. ಆತ ಎರಡನೇ ಮಾತಾಡದೆ ಟಿಕೆಟ್ ಹರಿದುಕೊಟ್ಟನಂತೆ. ಮನೆಗೆ ಬಂದವರು ಬೈಯುತ್ತಾರೆ, ಓಣಿ ಕೇಳುವಂತೆ ಕೂಗುತ್ತಾರೆ ಎಂದು ನಾವು ಕಾದು ಕೂತಿದ್ದೆವು. ಅವರು ಬೈಯಲಿಲ್ಲ. ಚಪ್ಪಲಿ ಬಿಟ್ಟರು, ಕಾಲು ತೊಳೆದರು, ಹಲಸಿನ ಹಣ್ಣುಗಳನ್ನು ಎತ್ತಿ ಪಕ್ಕದ ಮನೆಗೆ ಕೊಟ್ಟುಬಂದರು. ಆಮೇಲೆ ಮಾವನ ಕಡೆ ತಿರುಗಿ, "ನಾಳೆ ನಾನು ಎಲ್‌ಎಲ್‌ಆರ್ ಮಾಡಿಸ್ತೀನಿ," ಎಂದರು. ಅಷ್ಟೇ.

ಮಾವ ನಕ್ಕರು. ಮನುಷ್ಯನಿಗೆ ವಿನಾಶಕಾಲ ಬಂದಾಗ ನಗು ಬರುತ್ತದೆ.

ಎಲ್‌ಎಲ್‌ಆರ್ ಎಂದರೆ ಕಲಿಯುವವರ ಲೈಸೆನ್ಸು. ಅದಕ್ಕೊಂದು ಪರೀಕ್ಷೆ. ಕಂಪ್ಯೂಟರಿನ ಮುಂದೆ ಕೂತು ರಸ್ತೆಯ ನಿಯಮ, ಚಿಹ್ನೆಗಳ ಪ್ರಶ್ನೆಗೆ ಉತ್ತರಿಸಬೇಕು. ನಾವೆಲ್ಲ ಹೇಗೆ ಪಾಸಾದೆವು? ಹೊರಗೆ ನಿಂತವರು ಹೇಳಿಕೊಟ್ಟಿದ್ದನ್ನು ಕಣ್ಣು ಮುಚ್ಚಿ ಒತ್ತಿ ಬಂದೆವು. ಅತ್ತೆ ಹಾಗಲ್ಲ. ನಿಯಮಗಳ ಪುಸ್ತಕವೊಂದನ್ನು ತರಿಸಿಕೊಂಡು ಪೂಜೆಯಾದ ಮೇಲೆ ದಿನಾ ಗಟ್ಟಿಯಾಗಿ ಓದಿದರು. ಪರೀಕ್ಷೆಯ ನಡುವೆ ಪಕ್ಕದ ಕುರ್ಚಿಯ ತರುಣ ತಮ್ಮ ಪರದೆಯತ್ತ ಇಣುಕಿದನೆಂದು ಎದ್ದು ನಿಂತು, "ನೋಡ್ಕೊಂಡು ಬರ್ದು ಲೈಸೆನ್ಸ್ ತಗೊಂಡು ಯಾರ ಮೈಮೇಲೆ ಗಾಡಿ ಹತ್ತಿಸ್ತೀಯೋ?" ಎಂದು ಗದರಿದರು. ಅವನು, "ಅಮ್ಮಾ, ನಿಮ್ಮ ಪ್ರಶ್ನೆನೇ ಬೇರೆ, ನನ್ನ ಪ್ರಶ್ನೆನೇ ಬೇರೆ," ಎಂದು ಅಂಗಲಾಚಿದನಂತೆ. "ಹಂಗಾದ್ರೆ ನೋಡಿದ್ದು ಯಾಕೆ?" ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಅತ್ತೆ ಪಾಸಾದರು. ಆ ತರುಣನ ಗತಿ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕಾರಿಗೆ ಪೂಜೆ ಮಾಡಿ, ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪಕ್ಷರದ ಎಲ್ ಬೋರ್ಡು ಕಟ್ಟಿದರು. ಮಾವ ಗುರುವಿನ ಗತ್ತಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತರು. ಅತ್ತೆ ಸ್ಟೇರಿಂಗಿನ ಮೇಲೆ ಕೈಯಿಡಲಿಲ್ಲ. ಕೈಚಾಚಿದರು.

"ಏನು?"

"ನಿಮ್ಮ ಲೈಸೆನ್ಸು. ಪಕ್ಕದಾಗೆ ಕೂರೋರಿಗೆ ಲೈಸೆನ್ಸ್ ಇರ್ಬೇಕು ಅಂತ ಐತೆ. ತೋರಿಸ್ರಿ."

ಮಾವ ನಗುತ್ತಲೇ ಪಾಕೀಟಿನಿಂದ ತೆಗೆದುಕೊಟ್ಟರು. ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. ಹಿಂದೆ ತಿರುಗಿಸಿ ಓದಿದರು. ಅದರ ಅವಧಿ ಯಾವ ಕಾಲದಲ್ಲೋ ಮುಗಿದುಹೋಗಿತ್ತು! ಅಷ್ಟು ವರ್ಷ ಅವರು ಊರೆಲ್ಲ ಓಡಾಡಿದ್ದು ಸತ್ತ ಲೈಸೆನ್ಸಿನಲ್ಲಿ.

"ಇಳೀರಿ," ಎಂದರು ಅತ್ತೆ.

"ಏ, ಸುಮ್ನಿರೇ. ನೀನು ಹುಟ್ಟೋಕೆ ಮುಂಚಿಂದ ಗಾಡಿ..."

"ಇಳೀರಿ ಅಂದೆ. ಬೀಗದಕೈ ಇತ್ತ ಕೊಡ್ರಿ. ಸ್ಕೂಟರಿಂದೂ ಕೊಡ್ರಿ."

ವಿಚಾರಿಸಿದಾಗ ಡ್ರೈವಿಂಗ್ ಸ್ಕೂಲಿನವರು, ಅವಧಿ ಮುಗಿದು ಇಷ್ಟು ಕಾಲವಾದ ಮೇಲೆ ಮಾವನೂ ಮತ್ತೆ ಎಲ್‌ಎಲ್‌ಆರ್‌ನಿಂದ ಶುರುಮಾಡಿ ಟೆಸ್ಟ್ ಕೊಡಬೇಕು ಎಂದರು. ಮಾವನಿಗೆ ಅವಮಾನವಾಯಿತು. "ನಾನು ಈ ವಯಸ್ಸಿಗೆ ಎಲ್ ಬೋರ್ಡ್ ಕಟ್ಕೊಂಡು ತಿರುಗ್ಲಾ?" ಎಂದು ಹಟ ಹಿಡಿದು, ಅಂದಿನಿಂದ ಮಂಡಿಗೆ ನಡೆದೇ ಹೋಗತೊಡಗಿದರು. ಅದರಿಂದ ಅವರ ಸಕ್ಕರೆ ಕಾಯಿಲೆ ಹತೋಟಿಗೆ ಬಂತು. ಆ ಕೀರ್ತಿಯೂ ಅತ್ತೆಗೇ ಹೋಯಿತು, ನೋಡಿ!

ಡ್ರೈವಿಂಗ್ ಸ್ಕೂಲಿನಲ್ಲೇ ಕಲಿಯಬಹುದಿತ್ತಲ್ಲ? ಒಂದು ದಿನ ಹೋದರು. ಕಲಿಸುವವನು ಸೀಟ್ ಬೆಲ್ಟ್ ಹಾಕಿಕೊಂಡಿರಲಿಲ್ಲ. ಅತ್ತೆ ಅವನಿಗೇ ಪಾಠ ಮಾಡಿ, ಪುಸ್ತಕದ ಒಂದು ಪುಟ ಓದಿಸಿ ವಾಪಸು ಬಂದರು. ಹೀಗಾಗಿ ನಮ್ಮ ಮನೆತನದಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸು ಯಾರ ಹತ್ತಿರ ಇದೆ ಎಂದು ಹುಡುಕಿದಾಗ ಸಿಕ್ಕಿಬಿದ್ದವನು ನಾನು. ಕಾಲೇಜಿನಲ್ಲಿ ಪಾಠ ಹೇಳಿಕೊಂಡು, ಬೆಳಗಿನ ನಿದ್ದೆಯೊಂದನ್ನೇ ಸುಖವೆಂದು ನಂಬಿ ಬದುಕಿದ್ದ ಬಡಪಾಯಿ.

"ಬೆಳಿಗ್ಗೆ ಆರಕ್ಕೆ ಬಾ. ಲೈಸೆನ್ಸ್ ತಗೊಂಡು ಬಾ."

ನೀವು ಎಂದಾದರೂ ನಿಮಗಿಂತ ಹೆಚ್ಚು ಗೊತ್ತಿರುವ ಶಿಷ್ಯರಿಗೆ ಗುರುವಾಗಿದ್ದೀರಾ? ಆಗಬೇಡಿ. ಕಾರು ಹತ್ತುವ ಮೊದಲು ಅತ್ತೆ ನನ್ನ ಲೈಸೆನ್ಸ್ ಕೇಳಿ ನೋಡುವರು. ನಿನ್ನೆ ನೋಡಿದ್ದು ಇವತ್ತಿಗೆ ನಡೆಯದು. ಸೀಟ್ ಬೆಲ್ಟ್ ಎಳೆದು ಪರೀಕ್ಷಿಸುವರು. ಆಮೇಲೆ ನನ್ನ ಬಲಗೈಯನ್ನು ತಾವೇ ಎತ್ತಿ ಹ್ಯಾಂಡ್‌ಬ್ರೇಕಿನ ಮೇಲೆ ಇಡುವರು. "ಬೇಕಾದಾಗ ಗಾಡಿ ನಿಲ್ಸೋ ಹಂಗೆ ಕೂರ್ಬೇಕು ಅಂತ ಐತೆ. ಕೈ ಅಲ್ಲೇ ಇರ್ಲಿ." ಸೊಳ್ಳೆ ಕಚ್ಚಿದರೂ ಆ ಕೈ ಎತ್ತುವಂತಿಲ್ಲ. ಎಡಗೈಯಲ್ಲಿ ಮೊಬೈಲ್ ತೆಗೆದರೆ, "ಕಲ್ಸೋರು ಫೋನ್ ನೋಡ್ತಾರೇನೋ?" ಎಂದು ಗದರುವರು. ಕಾಲೇಜಿನ ಹುಡುಗರಿಗೆ ನಾನು ಇದೇ ಮಾತು ಹೇಳಿ ಹೇಳಿ ಸೋತಿದ್ದೆ. ಅತ್ತೆ ಒಂದೇ ಸಲಕ್ಕೆ ಗೆದ್ದರು.

ಕಾರು ಹೊರಟಮೇಲೆ ಸಿಟ್ಟಿನ ಎರಡನೇ ಅಧ್ಯಾಯ. ಎದುರಿಗೆ ಬರುವ ಪ್ರತಿಯೊಬ್ಬನೂ ಅಪರಾಧಿ! ಇಂಡಿಕೇಟರ್ ಹಾಕದೆ ತಿರುಗಿದ ಆಟೋ, ಅಗಲಕ್ಕೆ ಹುಲ್ಲು ಹೇರಿಕೊಂಡು ರಸ್ತೆಯನ್ನೇ ನುಂಗಿದ ಟ್ರ್ಯಾಕ್ಟರ್, ಬಲಗಡೆ ಮಲಗಿದ್ದ ಎಮ್ಮೆ. ಎಮ್ಮೆಗೂ ಬೈದರು! "ಎಡಕ್ಕೆ ಮಲಗೋಕೆ ಏನು ಧಾಡಿ ಇದಕ್ಕೆ?" ಮೆಕ್ಕೆಜೋಳ ರಸ್ತೆಯಲ್ಲಿ ಒಣಹಾಕಿದ್ದವರ ಮುಂದೆ ಗಾಡಿ ನಿಲ್ಲಿಸಿ, ಇಳಿದು, "ಇದು ಸರ್ಕಾರದ ರಸ್ತೆನೋ, ನಿಮ್ಮಪ್ಪನ ಕಣವೋ?" ಎಂದು ಕೇಳಿದರು. ಅವರು ಅತ್ತೆಯ ಮುಖ ನೋಡಿ, ಎಲ್ ಬೋರ್ಡ್ ನೋಡಿ, ಆಮೇಲೆ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಕೊನೆಗೆ ಗೊತ್ತಾದದ್ದೇನು? ಆ ಜೋಳ ಮಾವನ ಮಂಡಿಗೆ ಬರುವ ಮಾಲು! ಆ ವರ್ಷ ಅವರು ಮಾವನ ಮಂಡಿಯ ಬಾಗಿಲಿಗೆ ಬರಲಿಲ್ಲ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಸೀಟಿನ ನಿಯಮ. ಎಲ್‌ಎಲ್‌ಆರ್ ಇರುವವರ ಗಾಡಿಯಲ್ಲಿ ಕಲಿಸುವವರನ್ನು ಬಿಟ್ಟು ಬೇರೆ ಯಾರೂ ಕೂರುವಂತಿಲ್ಲ. ನಿಯಮವೇನೋ ಸರಿ, ಒಪ್ಪೋಣ. ಆದರೆ ನಮ್ಮ ಕಡೆ ಕಾರು ಎಂದರೆ ಯಾರದ್ದೋ ಸ್ವಂತ ಆಸ್ತಿ ಎಂದು ತಿಳಿಯುವ ಪದ್ಧತಿ ಇದೆಯೇ? ಒಂದು ಸೀಟು ಖಾಲಿ ಇದ್ದರೆ ಓಣಿಯಲ್ಲಿ ನಾಲ್ಕು ಜನರಿಗೆ ಕೆಲಸ ನೆನಪಾಗುತ್ತದೆ. ಮಠಕ್ಕೆ ಹೊರಟ ಅಯ್ಯನವರು ಕೈ ಅಡ್ಡ ಹಿಡಿದರೆ ಅತ್ತೆ ಕಾರಿನೊಳಗಿಂದಲೇ ಕೈಮುಗಿದು ಮುಂದೆ ಹೋದರು. ಮದುವೆಯೊಂದಕ್ಕೆ ಬಳ್ಳಿಗಾವಿಗೆ ಹೋಗಬೇಕಾದಾಗ ಹಿಂದಿನ ಸೀಟು ಖಾಲಿ ಇಟ್ಟುಕೊಂಡು ನಾನೂ ಅತ್ತೆಯೂ ಕಾರಿನಲ್ಲಿ ಹೋದೆವು. ಅತ್ತೆಯ ಸ್ವಂತ ಗಂಡ, ಕಾರಿನ ಒಡೆಯ, ಉಡುಗೊರೆಯ ಪಾತ್ರೆ ಹೊತ್ತುಕೊಂಡು ಬಸ್ಸಿನಲ್ಲಿ ಬಂದರು! ಇಡೀ ಮದುವೆಮನೆ ಮದುಮಕ್ಕಳನ್ನು ಬಿಟ್ಟು ನಮ್ಮನ್ನೇ ನೋಡಿತು. ಯಾರೋ ಮಾವನನ್ನು, "ಮನೇಲಿ ಏನಾದ್ರೂ ಮಾತು ಬಂದೈತೇನ್ರೀ?" ಎಂದು ಮೆಲ್ಲಗೆ ಕೇಳಿದರಂತೆ.

ಅದಕ್ಕಿಂತ ದೊಡ್ಡದು ಸಣ್ಣತ್ತೆಯ ಪ್ರಸಂಗ. ಸಣ್ಣತ್ತೆ ಅತ್ತೆಯ ಸ್ವಂತ ತಂಗಿ, ಕೊಟ್ಟದ್ದು ಸೊರಬಕ್ಕೆ. ಒಮ್ಮೆ ಶಿಕಾರಿಪುರಕ್ಕೆ ಬಂದವರು ವಾಪಸು ಹೊರಡುವಾಗ ಕೈಯಲ್ಲಿ ಎರಡು ಚೀಲ. ಮೊಣಕಾಲು ನೋವು ಬೇರೆ. ಮನೆಯ ಮುಂದೆ ಕಾರು ನಿಂತಿದೆ, ಅತ್ತೆ ಒಳಗೆ, ನಾನು ಪಕ್ಕದಲ್ಲಿ.

"ಅಕ್ಕಾ, ಬಸ್‌ಸ್ಟ್ಯಾಂಡಿಗೆ ಬಿಡೇ."

"ಬಿಡಂಗಿಲ್ಲ. ಚೀಲ ಬೇಕಾದ್ರೆ ಇಡು. ಚೀಲಕ್ಕೆ ಅಡ್ಡಿ ಇಲ್ಲ."

"ಚೀಲ ಹೋಗಿ ನಾನು ಇಲ್ಲೇ ಇರ್ಲಾ?"

"ನೀನು ನಡ್ಕೊಂಡು ಬಾ. ಚೀಲ ಅಲ್ಲಿ ಕಾಯ್ತಿರುತ್ತೆ."

ಸಣ್ಣತ್ತೆ ನಡೆದೇ ಬಂದರು. ಚೀಲ ಇಸಿದುಕೊಂಡರು. ಬಸ್ ಹತ್ತಿ, ಕಿಟಕಿಯಿಂದ, "ನಿನ್ನ ಹೆಣ ಹೊರೋಕೂ ಬರಲ್ಲ ನಾನು," ಎಂದರು. "ಲೈಸೆನ್ಸ್ ಬಂದ್ಮೇಲೆ ಬಾ, ನಾನೇ ಕರ್ಕೊಂಡು ಹೋಗ್ತೀನಿ," ಎಂದು ಅತ್ತೆ ಕೂಗಿದರು. ಯಾವುದಕ್ಕೆ ಎಲ್ಲಿಗೆ ಎಂದು ಯೋಚಿಸಲಿಲ್ಲ. ಬಸ್ಸಿನವರೆಲ್ಲ ನಕ್ಕರು. ಅಕ್ಕ-ತಂಗಿ ಇಬ್ಬರೂ ನಗಲಿಲ್ಲ. ಅಲ್ಲಿಗೆ ಮಾತು ಬಿಟ್ಟುಹೋಯಿತು.

ನನ್ನ ತಾಳ್ಮೆಯ ಕಟ್ಟೆ ಒಡೆದದ್ದು ಬಸ್‌ಸ್ಟ್ಯಾಂಡ್ ಹತ್ತಿರ. ಅವತ್ತು ನಿದ್ದೆಗಣ್ಣಲ್ಲಿ ಬಂದಿದ್ದೆ. ಅತ್ತೆ ಎಂದಿನಂತೆ ಕೈಚಾಚಿದಾಗ, "ಕಿಸೆಯಲ್ಲಿದೆ ಅತ್ತೆ, ದಿನಾ ಏನು ತೋರಿಸೋದು!" ಎಂದು ರೇಗಿದ್ದೆ. ವೃತ್ತದಲ್ಲಿ ಪೊಲೀಸಿನವರೊಬ್ಬರು ನಿಂತಿದ್ದರು. ಎಲ್ ಬೋರ್ಡು, ವಿಭೂತಿ, ವಯಸ್ಸು ಎಲ್ಲ ನೋಡಿ, "ಹೋಗ್ರಿ ತಾಯಿ, ಹೋಗ್ರಿ," ಎಂದು ಕೈಬೀಸಿದರು. ಇನ್ನಾರಾದರೂ ಆಗಿದ್ದರೆ ಹೋಗುತ್ತಿದ್ದರು. ಅತ್ತೆ ಬ್ರೇಕ್ ಹಾಕಿದರು.

"ಚೆಕ್ ಮಾಡ್ರಿ."

"ಏನು ಚೆಕ್ ಮಾಡ್ಲಿ?"

"ಬೋರ್ಡ್ ಕಟ್ಟೀನಿ. ಪಕ್ಕದಾಗೆ ಲೈಸೆನ್ಸ್ ಇರೋನ್ನ ಕೂರಿಸ್ಕೊಂಡೀನಿ. ಎಲ್ಲಾ ಸರಿ ಐತೋ ಇಲ್ಲೋ ನೋಡ್ರಿ."

"ಸರಿ ಐತೆ ತಾಯಿ, ಹೋಗ್ರಿ, ಹಿಂದೆ ಬಸ್ ನಿಂತೈತೆ."

"ನೋಡ್ದೇ ಹೆಂಗ್ರೀ ಸರಿ ಐತೆ ಅಂತೀರಿ? ಈಗ ಒಂದೇ ಬೈಕಲ್ಲಿ ಮೂರು ಜನ ಹೋದ್ರಲ್ಲ, ಅವ್ರನ್ನೂ ಹಿಂಗೇ ನೋಡಿದ್ರಾ?"

ಹಿಂದೆ ಬಸ್ಸು, ಬಸ್ಸಿನ ಹಿಂದೆ ಲಾರಿ, ಲಾರಿಯ ಹಿಂದೆ ಹಾಲಿನ ಗಾಡಿ. ಹಾರನ್ನುಗಳ ಮೇಳ! ಪೊಲೀಸಿನವರು ಬೇರೆ ದಾರಿ ಕಾಣದೆ ಅತ್ತೆಯ ಎಲ್‌ಎಲ್‌ಆರ್ ಓದಿ, ಸರಿ ಇದೆ ಎಂದು, ನನ್ನ ಕಡೆ ತಿರುಗಿದರು. "ಸರ್, ನಿಮ್ಮದು?"

ಕಿಸೆಗೆ ಕೈ ಹಾಕಿದೆ. ಕರವಸ್ತ್ರ ಬಂತು. ಇನ್ನೊಂದು ಕಿಸೆಯಲ್ಲಿ ಚಾಕ್‌ಪೀಸ್. ಪಾಕೀಟು ಮನೆಯಲ್ಲಿತ್ತು. ಮೊಬೈಲಿನಲ್ಲಿ ತೋರಿಸೋಣವೆಂದರೆ ಅದರ ಚಾರ್ಜು ಸತ್ತಿತ್ತು. ಪೊಲೀಸಿನವರು, "ಹೋಗ್ಲಿ ಬಿಡ್ರಿ, ಮೇಷ್ಟ್ರು," ಎಂದರು. ದೇವರಂಥ ಮನುಷ್ಯ! ಆದರೆ ನನ್ನ ಪಕ್ಕದಲ್ಲಿ ಕೂತವರು ಬಿಡಬೇಕಲ್ಲ?

"ಬಿಡ್ಬೇಡ್ರಿ! ದಂಡ ಹಾಕ್ರಿ ಇವನಿಗೆ!"

ದಂಡ ಹಾಕಿಸಿಕೊಂಡೆ. ನನ್ನ ಇಬ್ಬರು ವಿದ್ಯಾರ್ಥಿಗಳು ಬಸ್ಸಿನ ಕಿಟಕಿಯಲ್ಲಿ ಕೂತು ಅದನ್ನು ವಿಡಿಯೋ ಮಾಡಿದರು. ಮನೆ ತಲುಪಿದ ಮೇಲೆ ನಾನು ಕೂಗಿದೆ. ಜೀವಮಾನದಲ್ಲಿ ಅಷ್ಟು ಕೂಗಿದವನಲ್ಲ. "ನಾಳೆಯಿಂದ ನಾನು ಬರಲ್ಲ! ನಿಮ್ಮ ಕಾರು, ನಿಮ್ಮ ಕಾನೂನು, ನೀವೇ ಇಟ್ಕೊಳ್ಳಿ! ಪಕ್ಕದ ಸೀಟಿನಲ್ಲಿ ಆ ಪುಸ್ತಕಾನೇ ಕೂರಿಸ್ಕೊಳ್ಳಿ!"

"ಬರ್ಬೇಡ," ಎಂದರು ಅತ್ತೆ.

ಹೋಗಲಿಲ್ಲ. ಒಂದು ದಿನ ಮಲಗಿದೆ, ಸುಖವಾಗಿತ್ತು. ಎರಡನೇ ದಿನವೂ ಮಲಗಿದೆ. ಮೂರನೇ ದಿನ ಹೆಂಡತಿ ಹಾಲು ತರಲು ಹೋದವಳು ಬಂದು ಹೇಳಿದಳು: ಅತ್ತೆ ಬೆಳಿಗ್ಗೆ ಆರಕ್ಕೆ ಸ್ನಾನ, ಪೂಜೆ ಮುಗಿಸಿ ಮನೆಯ ಮುಂದೆ ನಿಂತ ಕಾರಿನಲ್ಲಿ ಕೂರುತ್ತಾರಂತೆ. ಗಾಡಿ ಚಾಲೂ ಮಾಡುವುದಿಲ್ಲವಂತೆ, ಪಕ್ಕದಲ್ಲಿ ಲೈಸೆನ್ಸಿನವರಿಲ್ಲವಲ್ಲ! ಸುಮ್ಮನೆ ಕ್ಲಚ್ ಒತ್ತಿ, ಗೇರು ಬದಲಾಯಿಸಿ, ಕನ್ನಡಿ ನೋಡಿ, ಮತ್ತೆ ಕ್ಲಚ್ ಒತ್ತುತ್ತಾರಂತೆ. ಓಣಿಯ ಜನ ಹಲ್ಲುಜ್ಜುತ್ತ ನಿಂತು ನೋಡುತ್ತಾರಂತೆ.

"ಹೋಗ್ರೀ," ಎಂದಳು ಹೆಂಡತಿ.

ಸಿಟ್ಟಿನಿಂದಲೇ ಹೋದೆ. ಬಾಗಿಲು ತೆಗೆದು ಕೂತೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಕೈಚಾಚಿದರು. ಲೈಸೆನ್ಸ್ ಕೊಟ್ಟೆ.

ಅಂತೂ ಟೆಸ್ಟಿನ ದಿನ ಬಂತು. ಪರೀಕ್ಷಕರು ಕಾರಿನಲ್ಲಿ ಕೂರುತ್ತಲೇ ಅತ್ತೆ, "ಬೆಲ್ಟು," ಎಂದರು. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಇಳಿದ ಪರೀಕ್ಷಕರು ನನ್ನ ಹತ್ತಿರ ಬಂದು, "ಇವರ ಜೊತೆ ದಿನಾ ಕೂರ್ತಿದ್ದೋರು ನೀವಾ?" ಎಂದು ಕೇಳಿ ನನ್ನ ಕೈ ಕುಲುಕಿದರು. ಅತ್ತೆ ಪಾಸು! ಆ ಖುಷಿಯಲ್ಲಿ ನಾನು ಎಲ್ ಬೋರ್ಡಿನ ದಾರ ಬಿಚ್ಚಲು ಹೋದೆ.

"ಮುಟ್ಬೇಡ. ಕಾರ್ಡ್ ಬಂದಿಲ್ಲ."

ಕೇಳಿದಿರಾ? ಲೈಸೆನ್ಸಿನ ಕಾರ್ಡು ಅಂಚೆಯಲ್ಲಿ ಬರಬೇಕು, ಅದು ಕೈಗೆ ಬಂದ ಮೇಲೇ ತಾನು ಡ್ರೈವರು, ಅಲ್ಲಿಯವರೆಗೆ ಬೋರ್ಡೂ ಇರಬೇಕು, ನಾನೂ ಇರಬೇಕು! "ಪಾಸಾಗಿದೆ ಅತ್ತೆ, ಮೊಬೈಲಿಗೆ ಮೆಸೇಜೂ ಬಂದಿದೆ," ಎಂದು ಗೋಗರೆದೆ. "ಮೆಸೇಜು ಲಾಟರಿ ಹೊಡೆದೈತೆ ಅಂತಾನೂ ಬರುತ್ತೆ," ಎಂದರು. ನಾನು ದಿನಾ ಅಂಚೆಯವನನ್ನು ಕಾದೆ, ಪ್ರೇಮಪತ್ರಕ್ಕೆ ಕಾದವರಂತೆ.

ಹೀಗೆ ಕಾಯುತ್ತಿದ್ದ ದಿನಗಳಲ್ಲೇ ಒಂದು ಭಾನುವಾರ ಅತ್ತೆ, ಸೊರಬಕ್ಕೆ ಹೋಗಿ ತಂಗಿಯ ಸಿಟ್ಟು ಇಳಿಸಿ ಬರೋಣ ಎಂದರು. ಹೋದೆವು. ಅಕ್ಕ-ತಂಗಿ ಮೊದಲು ಬೈದಾಡಿದರು, ಆಮೇಲೆ ಅತ್ತರು, ಆಮೇಲೆ ಹೋಳಿಗೆ ಮಾಡಿದರು. ಊಟ ಮುಗಿಸಿ ಹೊರಟು ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು ಅಷ್ಟೇ. ನನ್ನ ಸೊಂಟದ ಹಿಂದೆ ಎಡಗಡೆ ಏನೋ ಚುಚ್ಚಿದಂತಾಯಿತು. ಹೋಳಿಗೆ ಹೆಚ್ಚಾಯಿತೆಂದುಕೊಂಡೆ. ಎರಡನೇ ಸಲ ಒಳಗೆ ಯಾರೋ ಕುಡುಗೋಲು ಹಾಕಿ ತಿರುವಿದಂತಾಯಿತು. ಅಯ್ಯೋ ಎಂದು ಕೂಗಿ ಡ್ಯಾಶ್‌ಬೋರ್ಡಿಗೆ ಹಣೆ ಚಚ್ಚಿಕೊಂಡೆ. ಮೈಯೆಲ್ಲ ಬೆವರು. ಅತ್ತೆ ಎಡಕ್ಕೆ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ನಿಧಾನಕ್ಕೆ ಪಕ್ಕಕ್ಕೆ ನಿಲ್ಲಿಸಿದರು. ಆ ಹೊತ್ತಿನಲ್ಲೂ!

"ಏನಾಯ್ತೋ?"

"ಗೊತ್ತಿಲ್ಲ... ಹೊಟ್ಟೆ... ನಾನು ಹಿಂದೆ ಮಲಗ್ತೀನಿ ಅತ್ತೆ. ಆಸ್ಪತ್ರೆಗೆ ನಡೀರಿ."

"ಹಿಂದೆ ಹೋಗಂಗಿಲ್ಲ. ನೀನು ಹಿಂದೆ ಹೋದ್ರೆ ನಾನು ಗಾಡಿ ಓಡಿಸಂಗಿಲ್ಲ."

ನನಗೆ ಬಂದ ಸಿಟ್ಟನ್ನು ಯಾವ ಮಾತಿನಲ್ಲಿ ಹೇಳಲಿ! "ಸಾಯ್ತಿದೀನಿ ಅತ್ತೆ ನಾನು!"

"ಸಾಯೋದಾದ್ರೂ ಮುಂದೆ ಕೂತು ಸಾಯಿ! ಬಿಚ್ಚಿದ ಬೆಲ್ಟ್ ಹಾಕು!"

ಸೀಟನ್ನು ಹಿಂದಕ್ಕೆ ಒರಗಿಸಿ, ತಾವೇ ಬಗ್ಗಿ ಬೆಲ್ಟ್ ಹಾಕಿದರು. ಕಾರು ಹೊರಟಿತು. ಒಂದನೇ ಗೇರು, ಎರಡನೇ ಗೇರು, ಮೂರನೇ ಗೇರು. ಅಲ್ಲಿಗೆ ನಿಂತಿತು. ನಾಲ್ಕನೆಯದು ಬರಲೇ ಇಲ್ಲ! ರಸ್ತೆ ಖಾಲಿ ಇದೆ, ಇಂಜಿನ್ ನನಗಿಂತ ಜೋರಾಗಿ ನರಳುತ್ತಿದೆ, ಹಿಂದಿನಿಂದ ಬಂದವರೆಲ್ಲ ಹಾರನ್ ಹೊಡೆದು ಮುಂದೆ ಹೋಗುತ್ತಿದ್ದಾರೆ. ಗದ್ದೆ ಉಳುವ ಒಂದು ಟಿಲ್ಲರ್ ಕೂಡ ನಮ್ಮನ್ನು ದಾಟಿತು ಎಂದು ನನ್ನ ನೆನಪು. ನೋವಿನಲ್ಲಿ ಹಾಗನಿಸಿತೋ ಏನೋ. ಹಂಪ್ ಬಂದರೂ ಮೂರನೇ ಗೇರು, ತಿರುವು ಬಂದರೂ ಮೂರನೇ ಗೇರು. ಕಾರು ಗಡಗಡ ನಡುಗುತ್ತದೆ, ನನ್ನ ಕರುಳು ಅದರ ಜೊತೆ ನಡುಗುತ್ತದೆ. ನಾನು ಕಣ್ಣು ಮುಚ್ಚಿಕೊಂಡು, ನೋವು ಬಂದಾಗೆಲ್ಲ ಕೈಗೆ ಸಿಕ್ಕಿದ್ದನ್ನು ಹಿಸುಕುತ್ತ, ಕಾನೂನು ಬರೆದವರನ್ನೂ ಪುಸ್ತಕ ಮಾರಿದವರನ್ನೂ ಅತ್ತೆಯನ್ನು ಪೆಟ್ರೋಲ್ ಬಂಕಿನಲ್ಲಿ ಬಿಟ್ಟುಬಂದ ಮಾವನನ್ನೂ ಮನಸ್ಸಿನಲ್ಲೇ ಶಪಿಸಿದೆ. ಅತ್ತೆ ದಾರಿಯುದ್ದಕ್ಕೂ ಯಾರಿಗೋ ಬೈಯುತ್ತಲೇ ಇದ್ದರು. ಅಡ್ಡ ಬಂದ ನಾಯಿಗೆ, ಹೊಂಡ ಮುಚ್ಚದವರಿಗೆ, ನೀರು ಕುಡಿಯದ ನನಗೆ.

ಶಿರಾಳಕೊಪ್ಪದ ಒಂದು ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಿತು. ನನ್ನನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದೊಯ್ದರು. ಡಾಕ್ಟರು ಸೊಂಟದ ಹತ್ತಿರ ಒಂದು ಗುದ್ದು ಗುದ್ದಿ, ನಾನು ಕಿರುಚಿದ್ದನ್ನು ಕೇಳಿ, ಮೂತ್ರಪಿಂಡದಲ್ಲಿ ಕಲ್ಲು ಎಂದರು. ಸೂಜಿ ಚುಚ್ಚಿ ಬಾಟಲಿ ಏರಿಸಿದರು. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ನೋವು ಇಳಿದ ಜಾಗಕ್ಕೆ ಸರಿಯಾಗಿ ಸಿಟ್ಟು ಬಂದು ಕೂತಿತು.

ಅತ್ತೆ ಮಂಚದ ಪಕ್ಕ ಸ್ಟೂಲಿನ ಮೇಲೆ, ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದರು.

"ಅತ್ತೆ," ಎಂದೆ. "ಒಂದು ಮಾತು ಕೇಳ್ತೀನಿ. ನಾಲ್ಕನೇ ಗೇರು ಹಾಕಬಾರದು ಅಂತ ಯಾವ ಕಾನೂನಲ್ಲಿದೆ? ಇನ್ನೂ ಬೇಗ ಬರಬಹುದಿತ್ತು. ನಾನು ಅಲ್ಲಿ ಪ್ರಾಣ ಬಿಡ್ತಿದ್ರೆ ನೀವು ಎತ್ತಿನಗಾಡಿ ಹೊಡೆದಂಗೆ ಹೊಡೆದ್ರಿ! ಅಷ್ಟು ತಿಂಗಳು ನಾನು ಕಲಿಸಿದ್ದು ಇದನ್ನೇನಾ?"

ಅತ್ತೆ ಸೆರಗನ್ನು ಇನ್ನಷ್ಟು ಎಳೆದುಕೊಂಡರು. ಅಷ್ಟರಲ್ಲಿ ಬಾಟಲಿ ನೋಡಲು ಬಂದ ನರ್ಸು, "ಅಮ್ಮಾ, ನಿಮ್ಮ ಕೈಯಿಂದ ರಕ್ತ ಸೀರೆಗಾಗ್ತಿದೆಯಲ್ಲ, ಇಲ್ಲಿ ಕೊಡಿ," ಎಂದು ಸೆರಗು ಸರಿಸಿದರು. ಮುಂಗೈಯಲ್ಲಿ ಒಡೆದ ಬಳೆಯ ಚೂರುಗಳು ಚುಚ್ಚಿಕೊಂಡಿದ್ದವು. ಅದರ ಕೆಳಗೆ, ಕೈಯ ಹಿಂಭಾಗದಲ್ಲಿ, ನಾಲ್ಕು ಉಗುರಿನ ಗುರುತು. ಆಳವಾಗಿ ಇಳಿದಿದ್ದವು.

"ಏನಮ್ಮಾ ಇದು?"

"ಏನಿಲ್ಲ. ಗೇರ್ ಮೇಲೆ ಇಟ್ಟಿದ್ದೆ. ಇವನು ಹಿಡ್ಕೊಂಡ."

ನನಗೆ ನೆನಪೇ ಇರಲಿಲ್ಲ. ನೋವಿನಲ್ಲಿ ಹಿಸುಕಿದ್ದು ಹ್ಯಾಂಡ್‌ಬ್ರೇಕನ್ನು ಎಂದುಕೊಂಡಿದ್ದೆ.

"ಬಿಡಿಸ್ಕೊಂಡು ಗೇರು ಹಾಕಬಾರದಿತ್ತಾ ಅತ್ತೆ?"

ನರ್ಸು ಚೂರು ತೆಗೆಯುವಾಗ ಅತ್ತೆ ಹಲ್ಲು ಕಚ್ಚಿದರು. ಆಮೇಲೆ, ಎಮ್ಮೆಗೆ ಬೈದ ದನಿಯಲ್ಲೇ ನನಗೆ ಬೈದರು:

"ಬಿಡಿಸ್ಕೊಂಡ್ರೆ ನೀನು ಹೆದರ್ತಿದ್ದೆಲ್ಲೋ, ಮೂರ್ಖ!"